ಯಾರ್ಕ್‌ಶೈರಿನ ಹಾಳು ಮಠಗಳು: ಯಾವುದನ್ನು ನೋಡುವುದು, ರಾತ್ರಿ ಎಲ್ಲಿ ಉಳಿಯುವುದು

ಊರಿನಿಂದ ಅಪ್ಪ ಅಮ್ಮ ಬಂದಿದ್ದಾಗ, "ಶನಿವಾರ ಒಂದು ಆ್ಯಬಿ ನೋಡಿ, ಎರಡು ದಿನ ಹಳ್ಳಿ ಕಡೆ ಇದ್ದು ಬರೋಣ" ಅಂದೆ. "ಮಳೆ ಸರಿಯಾಗಿ ಬಂದೇ ಇಲ್ವಲ್ಲೋ, ನೀರು ಇರುತ್ತಾ?" ಅಂತ ಅಪ್ಪ ಕೇಳಿದರು. ನಾವು ತೀರ್ಥಹಳ್ಳಿ ಕಡೆಯವರು. ನಮಗೆ ಅಬ್ಬಿ ಎಂದರೆ ಜಲಪಾತ. ಇಲ್ಲಿನ ಆ್ಯಬಿ ಎಂದರೆ ಸನ್ಯಾಸಿಗಳ ಮಠ, ಅದೂ ಚಾವಣಿ ಹೋಗಿ ಐದು ಶತಮಾನದಿಂದ ಹುಲ್ಲಿನ ನಡುವೆ ನಿಂತಿರುವ ಮಠ ಎಂದು ಹೇಳಿದ ಮೇಲೆ ಅವರ ಮುಂದಿನ ಪ್ರಶ್ನೆ ಬಂತು: "ಹಾಗಾದ್ರೆ ಯಾವುದು ಚೆನ್ನಾಗಿದೆ?"

ಉತ್ತರ ಇಂಗ್ಲೆಂಡಿನ ಈ ಲೀಡ್ಸ್‌ಗೆ ಬಂದಾಗಿನಿಂದ ಗೆಳೆಯರೂ ಇದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಯಾರದೋ ಅತ್ತೆ ಮಾವ ಬಂದಿರುತ್ತಾರೆ, ಇನ್ಯಾರದೋ ಹತ್ತನೇ ವರ್ಷದ ಮದುವೆಯ ದಿನ, ಮತ್ಯಾರೋ ಲಂಡನ್ನಿನಿಂದ ಒಂದು ವಾರಾಂತ್ಯಕ್ಕೆ ಬರುವವರು. ಯಾರ್ಕ್‌ಶೈರಿನಲ್ಲಿ ಇಂಥ ಮಠಗಳು ಬೇಕಾದಷ್ಟಿವೆ. ಹಳ್ಳಿಯ ಹೋಟೆಲೊಂದರಲ್ಲಿ ಉಳಿದು ನೋಡಬೇಕು ಎನ್ನುವವರಿಗೆ ನಿಜವಾದ ಆಯ್ಕೆ ನಾಲ್ಕು: ರಿಪನ್ ಹತ್ತಿರದ ಫೌಂಟನ್ಸ್, ಹೆಲ್ಮ್‌ಸ್ಲಿ ಹತ್ತಿರದ ರೀವೋ, ಕಡಲ ದಂಡೆಯ ವಿಟ್ಬಿ, ಸ್ಕಿಪ್ಟನ್ ಹತ್ತಿರದ ಬೋಲ್ಟನ್. ನಾಲ್ಕೂ ಚೆನ್ನಾಗಿವೆ. ಆದರೆ ಒಂದಕ್ಕಿಂತ ಒಂದು ಚೆನ್ನಾಗಿವೆ ಎಂದು ಹೇಳಿ ಕೈತೊಳೆದುಕೊಂಡರೆ ಕೇಳಿದವರಿಗೆ ಏನೂ ಸಿಕ್ಕಂತಾಗುವುದಿಲ್ಲ. ನಿಮ್ಮ ಜೊತೆ ಯಾರು ಬರುತ್ತಾರೆ, ನೀವು ಎಲ್ಲಿ ಮಲಗುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಒಂದು ಮಠ, ಎರಡು ರಾತ್ರಿ. ಇಲ್ಲಿನ ಹೋಟೆಲುಗಳು ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 3ರ ಮೇಲೆ, ಖಾಲಿ ಮಾಡಿಸುವುದು ಮರುದಿನ 11ರೊಳಗೆ. ಒಂದೇ ರಾತ್ರಿ ಉಳಿದರೆ ಮೊದಲ ದಿನ ದಾರಿಯಲ್ಲೇ ಕಳೆಯುತ್ತದೆ, ಎರಡನೆಯ ದಿನ ಪೆಟ್ಟಿಗೆ ಕಟ್ಟುವುದರಲ್ಲಿ. ಎರಡು ರಾತ್ರಿ ಇದ್ದರೆ ಮಧ್ಯದ ದಿನ ಪೂರ್ತಿ ನಿಮ್ಮದು. ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೆ ಹೋಗಿ ನಿಂತರೆ ಮೊದಲ ಒಂದು ಗಂಟೆ ಅಲ್ಲಿ ನೀವು ಮತ್ತು ಕಾಗೆಗಳು ಮಾತ್ರ. ಹನ್ನೊಂದೂವರೆಗೆ ಬಸ್ಸುಗಳು ಬರುತ್ತವೆ, ಮಕ್ಕಳ ಗಲಾಟೆ ಶುರುವಾಗುತ್ತದೆ. ಅದೂ ಚಂದವೇ, ಆದರೆ ಬೇರೆಯ ಚಂದ. ಹತ್ತಿರ ಉಳಿಯುವುದಕ್ಕೆ ಕೊಡುವ ದುಡ್ಡು ಆ ಒಂದು ಗಂಟೆಗಾಗಿ ಕೊಟ್ಟದ್ದು ಅಂತ ನಾನು ತಿಳಿದುಕೊಂಡಿದ್ದೇನೆ.

ಚಾವಣಿ ಎಲ್ಲಿ ಹೋಯಿತು?

ಯಾವ ಮಠಕ್ಕೆ ಹೋದರೂ ಅಪ್ಪ ಅಮ್ಮ, ಮಕ್ಕಳು ಮೊದಲು ಕೇಳುವುದು ಇದನ್ನೇ. ಯುದ್ಧವೂ ಅಲ್ಲ, ಭೂಕಂಪವೂ ಅಲ್ಲ. ಎಂಟನೆಯ ಹೆನ್ರಿ ರೋಮಿನ ಪೋಪನ ಅಧಿಕಾರವನ್ನು ತಳ್ಳಿಹಾಕಿ ತಾನೇ ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥನಾದ ಮೇಲೆ, 1536ರಿಂದ 1540ರೊಳಗೆ ದೇಶದ ಮಠಗಳನ್ನೆಲ್ಲ ಮುಚ್ಚಿಸಿದ. ಆಸ್ತಿ, ಜಮೀನು, ಬೆಳ್ಳಿ ಬಂಗಾರ ಎಲ್ಲವೂ ಖಜಾನೆಗೆ ಸೇರಿತು. ಚಾವಣಿಗೆ ಹೊದಿಸಿದ್ದ ಸೀಸಕ್ಕೆ ಒಳ್ಳೆಯ ಬೆಲೆ ಇತ್ತು. ಅದನ್ನು ಕಿತ್ತು, ಕರಗಿಸಿ, ಗಟ್ಟಿ ಮಾಡಿದರು. ಚಾವಣಿ ಹೋದ ಮೇಲೆ ಗೋಡೆ ಎಷ್ಟು ದಿನ ತಾಳುತ್ತದೆ? ಉಳಿದ ಕಲ್ಲನ್ನು ಸುತ್ತಲಿನವರು ಮನೆಗೆ, ಕೊಟ್ಟಿಗೆಗೆ, ಬೇಲಿ ಗೋಡೆಗೆ ಸಾಗಿಸಿದರು.

ಫೌಂಟನ್ಸ್ ಮಠ ಮುಚ್ಚಿದ್ದು 1539ರಲ್ಲಿ. ಕೃಷ್ಣದೇವರಾಯ ತೀರಿಕೊಂಡು ಆಗ ಹತ್ತು ವರ್ಷವಾಗಿತ್ತು. ಹಂಪೆ ಹಾಳಾದದ್ದು 1565ರಲ್ಲಿ, ಇನ್ನೂ 26 ವರ್ಷ ಕಳೆದ ಮೇಲೆ. ಈ ಎರಡೂ ಹಾಳುಗಳು ಯುನೆಸ್ಕೋ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1986. ಈ ಲೆಕ್ಕವನ್ನು ಅಪ್ಪನಿಗೆ ಹೇಳಿದಾಗ ಅವರು ಮೇಷ್ಟರಾಗಿದ್ದವರಲ್ಲವೇ, ಜೇಬಿನಿಂದ ಚೀಟಿ ತೆಗೆದು ನಾಲ್ಕೂ ಇಸವಿಗಳನ್ನು ಒಂದರ ಕೆಳಗೊಂದು ಬರೆದಿಟ್ಟುಕೊಂಡರು.

ಫೌಂಟನ್ಸ್: ಮೊದಲ ಸಲ ಬರುವವರಿಗೆ

ಒಂದೇ ಒಂದು ಮಠ ನೋಡಲು ಸಮಯವಿದೆ, ಹಿರಿಯರೂ ಇದ್ದಾರೆ, ಮಕ್ಕಳೂ ಇದ್ದಾರೆ ಎಂದರೆ ಯೋಚಿಸದೆ ಫೌಂಟನ್ಸ್‌ಗೆ ಹೋಗಿ. ಇಂಗ್ಲೆಂಡಿನಲ್ಲಿ ಇಷ್ಟು ದೊಡ್ಡದಾಗಿ, ಇಷ್ಟು ಸಮಗ್ರವಾಗಿ ಉಳಿದ ಹಾಳು ಮಠ ಸಿಗುವುದು ಕಷ್ಟ. 1132ರ ಚಳಿಗಾಲದಲ್ಲಿ ಯಾರ್ಕ್‌ನ ಸೇಂಟ್ ಮೇರೀಸ್ ಮಠದ 13 ಸನ್ಯಾಸಿಗಳು, ಅಲ್ಲಿನ ಬದುಕು ತೀರಾ ಸುಖದ್ದಾಯಿತು ಎಂದು ಜಗಳವಾಡಿ ಹೊರಬಿದ್ದರು. ಆರ್ಚ್‌ಬಿಷಪ್ ಥರ್ಸ್ಟನ್ ಅವರಿಗೆ ಸ್ಕೆಲ್ ಎಂಬ ಸಣ್ಣ ನದಿಯ ಕಣಿವೆಯಲ್ಲಿ ಜಾಗ ಕೊಟ್ಟ. ಆಗ ಅದು ಮುಳ್ಳುಕಂಟಿಯ ಕಾಡು. ಮೊದಲ ಚಳಿಗಾಲವನ್ನು ಮರದಡಿಯಲ್ಲಿ ಕಳೆದರು ಎನ್ನುವುದು ಮಠದ ಪ್ರತೀತಿ. ಆಮೇಲೆ ಸಿಸ್ಟರ್ಷಿಯನ್ ಪಂಥಕ್ಕೆ ಸೇರಿದರು: ಬಣ್ಣ ಹಾಕದ ಬಿಳಿ ಉಣ್ಣೆಯ ಬಟ್ಟೆ, ಮೌನ, ದುಡಿಮೆ, ರಾತ್ರಿಯಲ್ಲೆದ್ದು ಪ್ರಾರ್ಥನೆ. ಬಡತನ ಬಯಸಿ ಬಂದವರ ಮಠ ಕುರಿ ಸಾಕಿ, ಉಣ್ಣೆ ಮಾರಿ ಇಡೀ ದೇಶದ ಶ್ರೀಮಂತ ಮಠಗಳಲ್ಲಿ ಒಂದಾಯಿತು.

ಒಳಗೆ ಹೋದರೆ ಬಲಗಡೆ ಎಡಗಡೆ ನೋಡುತ್ತಾ ನಿಲ್ಲಬೇಡಿ, ನೇರ ಸೆಲೇರಿಯಂಗೆ ಹೋಗಿ. ಸುಮಾರು 300 ಅಡಿ ಉದ್ದದ ಕಮಾನು ಚಾವಣಿಯ ನೆಲಮಾಳಿಗೆ, ಅದರ ಚಾವಣಿ ಹಾಗೇ ಉಳಿದಿದೆ. ನಡುವೆ ಒಂದೇ ಸಾಲು ಕಂಬ. ಕಂಬಕ್ಕೆ ಬೋದಿಗೆ ಇಲ್ಲ; ನೆಲದಿಂದ ಎದ್ದ ಕಲ್ಲು ತಾಳೆಗರಿಯ ಹಾಗೆ ತಾನೇ ಹರಡಿ ಚಾವಣಿಯಾಗುತ್ತದೆ. ಗೋದಾಮು ಇದೇ, ಮಠದ ಹೊಲ ಗದ್ದೆ ಕುರಿ ನೋಡಿಕೊಳ್ಳುತ್ತಿದ್ದ ದುಡಿಮೆಯ ಸಹೋದರರ ಊಟದ ಮನೆಯೂ ಇದೇ. ಅವರು ಮಲಗುತ್ತಿದ್ದುದು ಇದರ ಮೇಲಿನ ಅಂತಸ್ತಿನಲ್ಲಿ. ಅಮ್ಮ ಒಂದು ಕಂಬದ ಬುಡದಲ್ಲಿ ಕೈ ಇಟ್ಟು ಸುಮ್ಮನೆ ನಿಂತರು. ಕಲ್ಲು ಒದ್ದೆಯಾಗಿತ್ತು, ಹಸಿರು ಪಾಚಿ ಬೆರಳಿಗೆ ಅಂಟಿತು. ಮೇಲಿನ ಸಂದಿನಲ್ಲಿ ಬಾವಲಿಗಳು ವಾಸವಾಗಿವೆ. ಹಗಲಿನಲ್ಲಿ ಕಾಣುವುದಿಲ್ಲ, ವಾಸನೆ ಮಾತ್ರ ನಮ್ಮ ಹಳೆಯ ದೇವಸ್ಥಾನದ್ದೇ. "ಇದು ನಮ್ಮ ದೇವಸ್ಥಾನದ ಹಿಂದಿನ ಉಗ್ರಾಣದ ವಾಸನೆ ಕಣೋ" ಅಂದರು.

ಅಲ್ಲಿಂದ ಸ್ವಲ್ಪ ಮುಂದೆ ಬೆಂಕಿ ಕಾಯಿಸಿಕೊಳ್ಳುವ ಕೋಣೆ ಇದೆ. ಎರಡು ದೊಡ್ಡ ಒಲೆಗಳು. ಅಡುಗೆಮನೆ, ಆಸ್ಪತ್ರೆ ಬಿಟ್ಟರೆ ಸನ್ಯಾಸಿಗಳು ಬೆಂಕಿಯ ಹತ್ತಿರ ನಿಲ್ಲಬಹುದಾಗಿದ್ದ ಜಾಗ ಇದೊಂದೇ. ಜನವರಿಯಲ್ಲಿ ಹೋಗಿ ಅಲ್ಲಿ ಐದು ನಿಮಿಷ ನಿಂತರೆ ಅವರ ಬದುಕು ಎಷ್ಟು ಕಷ್ಟದ್ದು ಎಂದು ಯಾವ ಫಲಕ ಓದದೆಯೂ ತಿಳಿಯುತ್ತದೆ. ಉತ್ತರದ ಕಡೆಯ ಗೋಪುರ, ಸುಮಾರು 160 ಅಡಿ ಎತ್ತರದ್ದು, ಮಾರ್ಮಡ್ಯೂಕ್ ಹ್ಯೂಬಿ ಎಂಬ ಮಠಾಧಿಪತಿ ಕಟ್ಟಿಸಿದ್ದು. ಮಠ ಮುಚ್ಚುವುದಕ್ಕೆ ಕೆಲವೇ ದಶಕ ಮೊದಲು ಅಷ್ಟು ದೊಡ್ಡದನ್ನು ಕಟ್ಟಿಸಿದವನಿಗೆ ಮುಂದೆ ಬರಲಿರುವುದರ ಸುಳಿವೇ ಇರಲಿಲ್ಲ ಎಂಬುದು ನನ್ನನ್ನು ಪ್ರತಿಸಲವೂ ಕಾಡುತ್ತದೆ.

ಮಠದಿಂದ ಮುಂದೆ ನಡೆದರೆ ಸ್ಟಡ್ಲಿ ರಾಯಲ್ ಜಲೋದ್ಯಾನ. ಜಾನ್ ಐಸ್ಲಬಿ ಎಂಬ ಹಣಕಾಸು ಮಂತ್ರಿ 1720ರ ಸೌತ್ ಸೀ ಷೇರು ಹಗರಣದಲ್ಲಿ ಸಿಕ್ಕಿ, ಸಂಸತ್ತಿನಿಂದ ಹೊರಗಾಗಿ, ಮನೆಗೆ ಬಂದು ಉಳಿದ ಆಯುಷ್ಯವನ್ನು ಈ ಕೊಳ ಕಾಲುವೆಗಳಿಗೆ ಸುರಿದ. ಪಕ್ಕದ ಹಾಳು ಮಠವನ್ನು ಕೊಂಡು ತೋಟಕ್ಕೆ ಸೇರಿಸಿದ್ದು ಅವನ ಮಗ ವಿಲಿಯಂ. ಅದರಾಚೆ ಜಿಂಕೆವನ; ಮೂರು ಜಾತಿಯ ಜಿಂಕೆಗಳಿವೆ. ಎಲ್ಲ ಸೇರಿ 800 ಎಕರೆಗೂ ಹೆಚ್ಚು. ಆದ್ದರಿಂದ ಇಲ್ಲಿ ಅರ್ಧ ದಿನ ಸಾಲುವುದಿಲ್ಲ.

ಮಂಡಿನೋವಿನವರು ಗಮನಿಸಿ: ಟಿಕೆಟ್ ಕಟ್ಟಡ ದಿಬ್ಬದ ಮೇಲಿದೆ, ಮಠ ಕಣಿವೆಯಲ್ಲಿದೆ. ಹೋಗುವಾಗ ಇಳಿಜಾರು ಹಿತವಾಗಿರುತ್ತದೆ, ಬರುವಾಗಿನ ಏರು ಎಪ್ಪತ್ತರ ಮಂಡಿಗೆ ಭಾರ. ಗಿರಣಿಯ ಕಡೆಯ ವೆಸ್ಟ್ ಗೇಟ್‌ನಿಂದ ಒಳಹೊಕ್ಕರೆ ಅಷ್ಟು ಇಳಿದು ಹತ್ತಬೇಕಾಗಿಲ್ಲ. ಮುಂಚೆಯೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಆ ಗಿರಣಿಯನ್ನು ಬಿಡಬೇಡಿ. 12ನೇ ಶತಮಾನದ್ದು, 1927ರವರೆಗೂ ಕೆಲಸ ಮಾಡುತ್ತಿತ್ತು.

ಉಳಿಯಲು ಇಲ್ಲಿ ಆಯ್ಕೆ ಹೆಚ್ಚು. ಈ ಜಾಗವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಆವರಣದೊಳಗೇ ಬಾಡಿಗೆಗೆ ಕೊಡುವ ಮನೆಗಳಿವೆ. ಅಡುಗೆಮನೆ ಇರುವುದರಿಂದ ಕುಕ್ಕರ್ ಹೊತ್ತೊಯ್ಯುವ ನಮ್ಮಂಥವರಿಗೆ ಅದಕ್ಕಿಂತ ಬೇರೆ ಸುಖವಿಲ್ಲ, ಆದರೆ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ದುಡ್ಡು ಕೈಬಿಟ್ಟು ಖರ್ಚು ಮಾಡುವ ಸಂದರ್ಭವಾದರೆ ರಿಪನ್ ಹತ್ತಿರದ ಗ್ರ್ಯಾಂಟ್ಲಿ ಹಾಲ್‌ನಂಥ ಬಂಗಲೆ ಹೋಟೆಲು. ಮಧ್ಯಮ ಖರ್ಚಿಗೆ ರಿಪನ್ ಪೇಟೆಯ ಚೌಕದ ಸುತ್ತಲಿನ ಹಳೆಯ ತಂಗುಮನೆಗಳು. ನಾನು ರಿಪನ್ನನ್ನೇ ಹೇಳುತ್ತೇನೆ, ಕಾರಣ ರಾತ್ರಿ ಒಂಬತ್ತು ಗಂಟೆ. ಪ್ರತಿದಿನ ರಾತ್ರಿ 9ಕ್ಕೆ ಮೂರು ಮೂಲೆಯ ಟೋಪಿ ಹಾಕಿಕೊಂಡ ಕಹಳೆಯವರು ಬಂದು ಚೌಕದ ಕಂಬದ ನಾಲ್ಕೂ ಮೂಲೆಯಲ್ಲಿ ಕೊಂಬು ಊದುತ್ತಾರೆ. ಊರಿಗೆ ಕಾವಲು ಕೂತಿತು ಎಂದು ಸಾರುವ ಪದ್ಧತಿ ಅದು. ಊಟ ಮುಗಿಸಿ, ಶಾಲು ಹೊದ್ದು, ನಾಲ್ಕು ಹೆಜ್ಜೆ ನಡೆದು ಹೋದರೆ ಸಾಕು. ಮರುದಿನ ಹೊರಡುವ ಮೊದಲು ಅಲ್ಲಿನ ಕೆಥೀಡ್ರಲ್ಲಿನ ಕೆಳಗಿರುವ ಗುಹೆಯಂಥ ಕೋಣೆಗೆ ಇಳಿದು ಬನ್ನಿ. ಸೇಂಟ್ ವಿಲ್ಫ್ರಿಡ್ 672ರಲ್ಲಿ ಕಟ್ಟಿಸಿದ್ದು, ಬಾದಾಮಿ ಚಾಲುಕ್ಯರ ಕಾಲದ್ದು ಎಂದರೆ ನಮಗೆ ಲೆಕ್ಕ ಸಿಗುತ್ತದೆ.

ರೀವೋ: ಮೌನ ಬೇಕಾದವರಿಗೆ

ಇದನ್ನು ಬರೆಯುವಾಗ ತೂಕ ಸರಿಯಾಗಿ ಹಿಡಿಯುವುದು ನನಗೆ ಕಷ್ಟ, ಏಕೆಂದರೆ ನನ್ನ ಮನಸ್ಸು ಇಲ್ಲೇ ಇದೆ.

ಫ್ರಾನ್ಸಿನ ಕ್ಲೇರ್ವೋ ಮಠದಿಂದ ಬಂದ ಸನ್ಯಾಸಿಗಳು 1132ರಲ್ಲೇ ಕಟ್ಟಿದ್ದು, ಇಂಗ್ಲೆಂಡಿನ ಉತ್ತರ ಭಾಗದ ಮೊದಲ ಸಿಸ್ಟರ್ಷಿಯನ್ ಮಠ. ರೈ ನದಿಯ ಕಣಿವೆ ಎನ್ನುವುದನ್ನೇ ಫ್ರೆಂಚಿನಲ್ಲಿ ರೀವೋ ಎಂದರು. ಕಣಿವೆ ಎಷ್ಟು ಇಕ್ಕಟ್ಟು ಎಂದರೆ ಚರ್ಚನ್ನು ಪದ್ಧತಿಯಂತೆ ಪೂರ್ವ ಪಶ್ಚಿಮವಾಗಿ ಕಟ್ಟಲು ಆಗಲಿಲ್ಲ. ಹೆಚ್ಚುಕಡಿಮೆ ಉತ್ತರ ದಕ್ಷಿಣಕ್ಕೆ ತಿರುಗಿದೆ. ವಾಸ್ತು ನೋಡುವ ನಮ್ಮವರಿಗೆ ಈ ಸಂಗತಿ ಬೇಗ ಹಿಡಿಸುತ್ತದೆ. ಆಮೇಲೊಂದು ದಿನ ನದಿಯ ಆಚೆ ದಡಕ್ಕೆ ಬೇರೊಂದು ಸನ್ಯಾಸಿಗಳ ಗುಂಪು ಬಂದು ನೆಲೆಸಿತು. ಎರಡೂ ಕಡೆಯ ಗಂಟೆಗಳು ಹಗಲೂ ರಾತ್ರಿ ಪರಸ್ಪರ ಕೇಳಿ, ಯಾರ ಪ್ರಾರ್ಥನೆ ಯಾವಾಗ ಎಂದು ಗಲಿಬಿಲಿಯಾಗತೊಡಗಿತು. ಕೊನೆಗೆ ಅವರು 1147ರಲ್ಲಿ ಎದ್ದು ಹೋದರು. ಅವರು ಮುಂದೆ ಕಟ್ಟಿದ್ದೇ ಬೈಲಂಡ್ ಮಠ. ಈಗಲೂ ರೀವೋದಲ್ಲಿ ನಿಂತರೆ ಆ ಕಥೆ ನಿಜವೆನಿಸುತ್ತದೆ: ಎದುರು ಗುಡ್ಡದಲ್ಲಿ ಕುರಿ ಕೆಮ್ಮಿದರೂ ಇಲ್ಲಿಗೆ ಕೇಳಿಸುತ್ತದೆ.

1147ರಿಂದ 1167ರವರೆಗೆ ಇಲ್ಲಿ ಏಲ್ರೆಡ್ ಮಠಾಧಿಪತಿಯಾಗಿದ್ದ. ಅವನ ಕಾಲದಲ್ಲಿ 140 ಸನ್ಯಾಸಿಗಳು, 500 ದುಡಿಮೆಯ ಸಹೋದರರು ಇದ್ದರೆಂದು ಅವನ ಜೊತೆಗಿದ್ದು ಚರಿತ್ರೆ ಬರೆದ ವಾಲ್ಟರ್ ಡೇನಿಯಲ್ ಹೇಳುತ್ತಾನೆ. ಏಲ್ರೆಡ್‌ಗೆ ಕೊನೆಗಾಲದಲ್ಲಿ ಸಂಧಿವಾತ, ಮೂತ್ರಕೋಶದ ಕಲ್ಲಿನ ಬಾಧೆ. ಆಸ್ಪತ್ರೆಯ ಪಕ್ಕದ ಸಣ್ಣ ಗುಡಿಸಿಲಿನಲ್ಲಿ ಮಲಗಿರುತ್ತಿದ್ದ. ಮಠದ ಕಟ್ಟುಪಾಡಿನಲ್ಲಿ ಮೌನವೇ ದೊಡ್ಡದು. ಆದರೂ ಇಪ್ಪತ್ತು ಮೂವತ್ತು ಸನ್ಯಾಸಿಗಳು ದಿನವೂ ಬಂದು ಅವನ ಹಾಸಿಗೆಯ ಸುತ್ತ, ಮೇಲೆ ಕೂತು, ಮಕ್ಕಳು ತಾಯಿಯ ಹತ್ತಿರ ಮಾತಾಡುವ ಹಾಗೆ ಮಾತಾಡುತ್ತಿದ್ದರಂತೆ. ಅವನು ಬರೆದ ಗ್ರಂಥವೊಂದರ ವಿಷಯವೇ ಸ್ನೇಹ. ಆಸ್ಪತ್ರೆಯ ಗೋಡೆಗಳ ಅಡಿಪಾಯದ ಬಳಿ ಹುಲ್ಲಿನ ಮೇಲೆ ಕೂತು ಇದನ್ನು ನೆನೆಸಿಕೊಳ್ಳಲು ಅರ್ಧ ಗಂಟೆ ಇಟ್ಟುಕೊಳ್ಳಿ.

ಒಳಗಿನ ಮ್ಯೂಸಿಯಂ ಸಣ್ಣದು, ಬಿಡಬೇಡಿ. ಅಲ್ಲಿ ರಾಜಮುದ್ರೆ ಒತ್ತಿದ ಸೀಸದ ಗಟ್ಟಿ ಇದೆ. ಇಲ್ಲಿನ ಚಾವಣಿಯನ್ನೇ ಕರಗಿಸಿ ಮಾಡಿದ್ದು. ಸಾಗಿಸುವ ಮೊದಲೇ ಗೋಡೆ ಬಿದ್ದು ಅದರಡಿ ಹೂತುಹೋಗಿ, ಇಪ್ಪತ್ತನೆಯ ಶತಮಾನದಲ್ಲಿ ಅಗೆದಾಗ ಸಿಕ್ಕಿತು. ಚಾವಣಿ ಎಲ್ಲಿ ಹೋಯಿತು ಎನ್ನುವ ಪ್ರಶ್ನೆಗೆ ಕಣ್ಣೆದುರಿಗೇ ಉತ್ತರ.

ಗುಡ್ಡದ ಮೇಲೆ ರೀವೋ ಟೆರೇಸ್ ಎಂಬ ಅರ್ಧ ಮೈಲಿಯ ಹುಲ್ಲುಹಾಸು ಇದೆ. 18ನೇ ಶತಮಾನದಲ್ಲಿ ಡಂಕೂಂಬ್ ಮನೆತನದವರು ಮಾಡಿಸಿದ್ದು, ಎರಡು ತುದಿಗೆ ಎರಡು ಸಣ್ಣ ಗುಡಿಗಳು, ಮರಗಳ ನಡುವಿನ ಕಿಂಡಿಗಳಿಂದ ಕೆಳಗಿನ ಮಠ ಕಾಣುತ್ತದೆ. ಇಲ್ಲಿ ಅನೇಕರು ಎಡವುತ್ತಾರೆ: ಮಠ ಇರುವುದು ಇಂಗ್ಲಿಷ್ ಹೆರಿಟೇಜ್ ಎಂಬ ಇನ್ನೊಂದು ಸಂಸ್ಥೆಯ ಕೈಯಲ್ಲಿ, ಟೆರೇಸ್ ನ್ಯಾಷನಲ್ ಟ್ರಸ್ಟ್ ಕೈಯಲ್ಲಿ. ಬೇರೆ ಬೇರೆ ಗೇಟು, ಬೇರೆ ಬೇರೆ ಟಿಕೆಟು. ವರ್ಷದ ಸದಸ್ಯತ್ವ ತೆಗೆದುಕೊಳ್ಳುವ ಯೋಚನೆ ಇದ್ದರೆ ಮೊದಲೇ ಲೆಕ್ಕ ಹಾಕಿ. ರೀವೋ, ವಿಟ್ಬಿ ಎರಡನ್ನೂ ನೋಡುವವರಿಗೆ ಇಂಗ್ಲಿಷ್ ಹೆರಿಟೇಜ್ ಅನುಕೂಲ; ಫೌಂಟನ್ಸ್ ಮತ್ತು ತೋಟ ಬಂಗಲೆಗಳನ್ನು ಸುತ್ತುವವರಿಗೆ ನ್ಯಾಷನಲ್ ಟ್ರಸ್ಟ್.

ಉಳಿಯುವುದು ಹೆಲ್ಮ್‌ಸ್ಲಿಯಲ್ಲಿ. ಮಠದಿಂದ ಮೂರು ಮೈಲಿ. ಶುಕ್ರವಾರ ಸಂತೆ ಕೂಡುವ ಕಲ್ಲಿನ ಚೌಕ, ಅದರ ಸುತ್ತ ಹಿಂದೆ ಕುದುರೆಗಾಡಿಗಳು ನಿಲ್ಲುತ್ತಿದ್ದ ತಂಗುಮನೆಗಳು, ಬ್ಲ್ಯಾಕ್ ಸ್ವಾನ್ ಅವುಗಳಲ್ಲಿ ಹೆಸರಾದದ್ದು. ಹಿಂದುಗಡೆ ಮುರಿದ ಕೋಟೆ. ಕ್ಲೀವ್‌ಲಂಡ್ ವೇ ಎಂಬ 109 ಮೈಲಿಯ ಕಾಲುದಾರಿ ಇಲ್ಲಿಂದಲೇ ಶುರು. ಅದರ ಮೊದಲ ತುಂಡಿನಲ್ಲಿ ನಡೆದೇ ಮಠಕ್ಕೆ ಹೋಗಬಹುದು. ಸ್ವಂತ ಕಾರು ಇಲ್ಲದವರಿಗೆ ಮಾತ್ರ ರೀವೋ ಕಷ್ಟ. ಥರ್ಸ್ಕ್ ಕಡೆಯಿಂದ ಕಾರಿನಲ್ಲಿ ಬರುವವರಿಗೆ ಸಟನ್ ಬ್ಯಾಂಕ್ ಎಂಬ ಏರು ಸಿಗುತ್ತದೆ. ಕಡಿದಾದ ಕಡೆ ನಾಲ್ಕು ಅಡಿಗೆ ಒಂದಡಿ ಏರು, ಕ್ಯಾರವಾನ್‌ಗಳನ್ನು ಬಿಡುವುದೇ ಇಲ್ಲ. ಆಗುಂಬೆ ಘಾಟಿ ಹತ್ತಿದವರಿಗೆ ಅದೇನು ದೊಡ್ಡದಲ್ಲ, ಆದರೂ ಹೊಸದಾಗಿ ಲೈಸೆನ್ಸ್ ತೆಗೆದುಕೊಂಡವರು ಯಾರ್ಕ್ ಕಡೆಯಿಂದ ಬಂದರೆ ನೆಮ್ಮದಿ.

ವಿಟ್ಬಿ: ಕಡಲೂ ಬೇಕು, ಕಥೆಯೂ ಬೇಕು ಎನ್ನುವವರಿಗೆ

ನಾಲ್ಕರಲ್ಲಿ ಇತಿಹಾಸದ ತೂಕ ಹೆಚ್ಚಿನದು ವಿಟ್ಬಿಯದೇ. 657ರಲ್ಲಿ ಇಲ್ಲಿ ಮಠ ಕಟ್ಟಿದವಳು ಹಿಲ್ಡ್ ಎಂಬ ಹೆಣ್ಣು. ಗಂಡಸರೂ ಹೆಂಗಸರೂ ಇದ್ದ ಮಠಕ್ಕೆ ಅವಳೇ ಮುಖ್ಯಸ್ಥೆ. 664ರಲ್ಲಿ ಈಸ್ಟರ್ ಹಬ್ಬದ ದಿನವನ್ನು ಯಾವ ಲೆಕ್ಕದಲ್ಲಿ ಹಿಡಿಯಬೇಕು, ಐರಿಷ್ ಸನ್ಯಾಸಿಗಳ ಲೆಕ್ಕವೋ ರೋಮಿನ ಲೆಕ್ಕವೋ ಎಂಬ ವಾದ ನಡೆದು ರೋಮಿನ ಪಕ್ಷ ಗೆದ್ದದ್ದು ಇಲ್ಲೇ. ಏಕಾದಶಿ ಇವತ್ತೋ ನಾಳೆಯೋ ಎಂದು ಪಂಚಾಂಗ ಹಿಡಿದು ವಾದಿಸುವುದನ್ನು ನೋಡಿ ಬೆಳೆದವರಿಗೆ ಇದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ. ಇದೇ ಮಠದ ದನಗಾಹಿ ಕ್ಯಾಡ್ಮನ್. ಹಾಡು ಬಾರದೆಂದು ಪಂಕ್ತಿಯಿಂದ ಎದ್ದುಹೋಗಿ ಕೊಟ್ಟಿಗೆಯಲ್ಲಿ ಮಲಗಿದವನಿಗೆ ಕನಸಿನಲ್ಲಿ ಹಾಡು ಬಂತು. ಹೆಸರು ತಿಳಿದಿರುವ ಮೊದಲ ಇಂಗ್ಲಿಷ್ ಕವಿ ಅವನೇ. ನಮ್ಮ ಕಾಳಿದಾಸನ ಕಥೆ ಕೇಳಿದವರು ತಲೆದೂಗುತ್ತಾರೆ.

ಈಗ ನಿಂತಿರುವುದು ಹಿಲ್ಡಳ ಕಟ್ಟಡವಲ್ಲ, ಬಹುಪಾಲು 13ನೇ ಶತಮಾನದ ಗಾಥಿಕ್ ಚರ್ಚು. ಕಡಲಗಾಳಿ ಅದರ ಕಂಬಗಳನ್ನು ಗೆದ್ದಲು ತಿಂದ ಮರದಂತೆ ಕೊರೆದಿದೆ. 1914ರ ಡಿಸೆಂಬರ್ 16ರಂದು ಜರ್ಮನ್ ಯುದ್ಧನೌಕೆಗಳ ಗುಂಡೂ ಬಿತ್ತು.

ಅಮ್ಮನಿಗೆ ಇಲ್ಲಿ ಸಿಕ್ಕದ್ದು ಬೇರೆ. ಈ ಊರಿನ ಬಂಡೆಗಳಲ್ಲಿ ಅಮೊನೈಟ್ ಎಂಬ ಪುರಾತನ ಕಡಲಜೀವಿಯ ಸುರುಳಿ ಸುರುಳಿಯಾದ ಪಳೆಯುಳಿಕೆಗಳು ಸಿಗುತ್ತವೆ, ಸುಮಾರು 18 ಕೋಟಿ ವರ್ಷ ಹಳೆಯವು. ಹಿಲ್ಡ್ ಇಲ್ಲಿನ ಹಾವುಗಳನ್ನು ಕಲ್ಲಾಗಿಸಿದಳು ಎಂಬ ಕಥೆ ಹುಟ್ಟಿ, ಅವುಗಳಿಗೆ ಹಾವುಕಲ್ಲು ಎಂದು ಹೆಸರಾಯಿತು. ಹಿಂದೆ ತಲೆ ಕೆತ್ತಿ ಮಾರುತ್ತಿದ್ದರು. ಇಲ್ಲಿನ ಒಂದು ಜಾತಿಯ ಅಮೊನೈಟ್‌ಗೆ ವಿಜ್ಞಾನಿಗಳು ಅವಳ ಹೆಸರನ್ನೇ ಇಟ್ಟಿದ್ದಾರೆ. ಅಂಗಡಿಯಲ್ಲಿ ಒಂದನ್ನು ಅಮ್ಮನ ಅಂಗೈ ಮೇಲಿಟ್ಟೆ. ತಿರುಗಿಸಿ ನೋಡಿದರು, ಹೆಬ್ಬೆರಳಿನಿಂದ ಸುರುಳಿಯನ್ನು ಸವರಿದರು. "ಇದು ಸಾಲಿಗ್ರಾಮದ ಚಕ್ರ ಅಲ್ವೇನೋ?" ಅಂದರು. ಹೌದು, ಗಂಡಕಿ ನದಿಯ ಸಾಲಿಗ್ರಾಮವೂ ಅಮೊನೈಟೇ. ದೇವರ ಪೆಟ್ಟಿಗೆಯಲ್ಲಿ ತುಳಸಿ ದಳದಡಿ ಇರುವುದೂ ಈ ಕಡಲಿನದೂ ಒಂದೇ ಕುಲ ಎಂದು ತಿಳಿದ ಮೇಲೆ ಅಮ್ಮ ಅದನ್ನು ಎಡಗೈಗೆ ಕೊಡದೆ ಬಲಗೈಯಲ್ಲೇ ಹಿಡಿದು ಕೌಂಟರಿಗೆ ನಡೆದರು.

ಪೇಟೆಯಿಂದ ಮಠಕ್ಕೆ 199 ಮೆಟ್ಟಿಲು. ಏರಲಾಗದವರು ಕಾರಿನಲ್ಲಿ ಹಿಂದಿನ ದಾರಿಯಿಂದ ನೇರ ಗುಡ್ಡದ ಮೇಲಿನ ನಿಲ್ದಾಣಕ್ಕೇ ಹೋಗಬಹುದು. ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಟೋಪಿ ಇರುವ ಜಾಕೆಟ್ಟೇ ಗತಿ. ಮಠದ ಪಕ್ಕದಲ್ಲೇ ಯೂತ್ ಹಾಸ್ಟೆಲ್ ಇದೆ, ಕಡಿಮೆ ಖರ್ಚಿನವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ನಿಜವಾದ ಹಳ್ಳಿ ಹೋಟೆಲಿನ ಶಾಂತಿ ಬೇಕೆಂದರೆ ವಿಟ್ಬಿ ಅದನ್ನು ಕೊಡುವುದಿಲ್ಲ. ಬೇಸಿಗೆಯ ವಾರಾಂತ್ಯದಲ್ಲಿ ಜಾತ್ರೆಯೇ. ಊರ ಹೊರಗೆ, ಮೂರ್ ಎಂದು ಕರೆಯುವ ಕುರುಚಲು ಬಯಲಿನ ಕಡೆ ಉಳಿದು ಬೆಳಿಗ್ಗೆ ಬೇಗ ಬರುವುದು ಒಳಿತು. ಕಾರಿಲ್ಲದವರಿಗೆ ಲೀಡ್ಸ್‌ನಿಂದ ಯಾರ್ಕ್, ಪಿಕರಿಂಗ್ ಮೇಲೆ ಬರುವ ಕೋಸ್ಟ್‌ಲೈನರ್ ಬಸ್ಸಿದೆ. ಕೊನೆಯ ಭಾಗ ಬಯಲಿನ ಮೇಲೆ ಹಾಯುತ್ತದೆ. ಆಗಸ್ಟ್‌ನಲ್ಲಿ ಹೆದರ್ ಹೂ ಬಿಟ್ಟಾಗ ಆ ಪ್ರಯಾಣವೇ ಒಂದು ನೋಟ.

ಬೋಲ್ಟನ್: ಮಕ್ಕಳ ಕಾಲಿಗೆ ಕೆಲಸ ಕೊಡಬೇಕಾದವರಿಗೆ

ಹೆಸರು ಬೋಲ್ಟನ್ ಆ್ಯಬಿ, ನಿಜದಲ್ಲಿ ಅದು ಅಗಸ್ಟಿನಿಯನ್ ಪಂಥದ ಪ್ರಯರಿ, ಅಂದರೆ ಆ್ಯಬಿಗಿಂತ ಒಂದು ದರ್ಜೆ ಕೆಳಗಿನ ಮಠ, 1154ರದ್ದು. ಮಠವಾಗಿ ಮೊದಲ ಮೂರರ ಮುಂದೆ ಇದು ಸಣ್ಣದು. ಆದರೆ ಇದರ ಅರ್ಧ ಇನ್ನೂ ಜೀವಂತ: ಚರ್ಚಿನ ಮುಂಭಾಗ ಇಂದಿಗೂ ಊರಿನವರ ಪ್ರಾರ್ಥನೆಗೆ ಬಳಕೆಯಲ್ಲಿದೆ, ಹಿಂಭಾಗ ಹಾಳು. ಒಂದೇ ಕಟ್ಟಡದಲ್ಲಿ ಎರಡನ್ನೂ ನೋಡುವುದು ಅಪರೂಪದ ಅನುಭವ. ಎದುರಿಗೆ ವಾರ್ಫ್ ನದಿ, ದಾಟಲು ಸಾಲುಕಲ್ಲುಗಳು, ಮರಳಿನ ದಂಡೆ. ಮೇ ತಿಂಗಳಲ್ಲಿ ಕಾಡಿನ ತುಂಬ ನೀಲಿ ಹೂ. ಬುತ್ತಿ ಕಟ್ಟಿಕೊಂಡು ಹೋಗಿ ದಿನವಿಡೀ ಇರಲು ಇದೇ ಸರಿ. ಎಸ್ಟೇಟಿನಲ್ಲೇ ಡೆವನ್‌ಶೈರ್ ಆರ್ಮ್ಸ್ ಹೋಟೆಲಿದೆ.

ಮಕ್ಕಳಿರುವವರಿಗೆ ಕೈಮುಗಿದು ಹೇಳುವುದೊಂದಿದೆ. ಅದೇ ನದಿ ಮೇಲ್ಗಡೆ ಸ್ಟ್ರಿಡ್ ಎಂಬಲ್ಲಿ ಬಂಡೆಗಳ ನಡುವೆ ಹಾರಿ ದಾಟಬಹುದೇನೋ ಎನಿಸುವಷ್ಟು ಕಿರಿದಾಗುತ್ತದೆ. ಕೆಳಗೆ ನೀರು ಬಂಡೆಯ ಅಡಿಯನ್ನು ಕೊರೆದುಕೊಂಡು ಹೋಗಿದೆ. ಬಿದ್ದವರನ್ನು ಒಳಕ್ಕೆ ಎಳೆಯುತ್ತದೆ. ಪ್ರಾಣಗಳು ಹೋಗಿವೆ. ಪಾಚಿ ಕಟ್ಟಿದ ಆ ಬಂಡೆಯ ಅಂಚಿಗೆ ಫೋಟೋಗಾಗಿ ಹೋಗಬೇಡಿ. ಮಕ್ಕಳ ಕೈ ಬಿಡಬೇಡಿ.

ಹೋಟೆಲಿಗೆ ಫೋನ್ ಮಾಡಿದಾಗ

ಇಂಟರ್ನೆಟ್ಟಿನಲ್ಲಿ ಕೋಣೆ ಹಿಡಿಯುವ ಮೊದಲು ಒಮ್ಮೆ ಫೋನ್ ಮಾಡುವುದು ಒಳ್ಳೆಯದು. ಇವು ಇನ್ನೂರು ಮುನ್ನೂರು ವರ್ಷದ ಕಟ್ಟಡಗಳು, ಬಹಳ ಕಡೆ ಲಿಫ್ಟ್ ಇಲ್ಲ. ಒಂದು ಸಲ ನಾನು ಕೇಳದೆ ಹಿಡಿದ ಕೋಣೆ ಎರಡನೆಯ ಮಹಡಿಯಲ್ಲಿತ್ತು, ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ. ಅಮ್ಮ ಎರಡು ದಿನವೂ ಕಟಕಟೆ ಹಿಡಿದು ಅಡ್ಡಡ್ಡ ಇಳಿದರು. ಅಂದಿನಿಂದ ನನ್ನ ಮೊದಲ ಪ್ರಶ್ನೆ ನೆಲಮಹಡಿ ಇದೆಯೇ ಎಂಬುದೇ. ಎರಡನೆಯದು, ಅಡುಗೆಮನೆ ಎಷ್ಟಕ್ಕೆ ಮುಚ್ಚುತ್ತದೆ. ಹಳ್ಳಿಗಳಲ್ಲಿ ರಾತ್ರಿ ಎಂಟೂವರೆಯ ಮೇಲೆ ಬಿಸಿ ಊಟ ಸಿಗದೇ ಇರಬಹುದು, ಹತ್ತಿರ ಬೇರೆ ಹೋಟೆಲೂ ಇರುವುದಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲೆಡೆ ಮಾಂಸದ ರೋಸ್ಟ್ ಊಟವೇ ಮುಖ್ಯ. ಸಸ್ಯಾಹಾರಿ ಬೇಕಾದವರು ಮೊದಲೇ ಹೇಳಿಡಬೇಕು.

ಸಸ್ಯಾಹಾರಿಗಳು ಇನ್ನೂ ಕೆಲವನ್ನು ತಿಳಿದಿರಬೇಕು. ಯಾರ್ಕ್‌ಶೈರಿನಲ್ಲಿ, ಅದರಲ್ಲೂ ವಿಟ್ಬಿಯಲ್ಲಿ, ಆಲೂಗಡ್ಡೆ ಚಿಪ್ಸನ್ನು ಅನೇಕ ಅಂಗಡಿಗಳಲ್ಲಿ ಗೋವಿನ ಕೊಬ್ಬಿನಲ್ಲಿ ಕರಿಯುತ್ತಾರೆ. "ಚಿಪ್ಸ್ ತಾನೇ" ಎಂದು ಹಿರಿಯರಿಗೆ ಕೊಡುವ ಮೊದಲು ಕೇಳಿ. ಎಣ್ಣೆಯಲ್ಲಿ ಕರಿಯುವ ಕಡೆಗಳೂ ಇವೆ. ಯಾರ್ಕ್‌ಶೈರ್ ಪುಡಿಂಗ್‌ಗೆ ಮೊಟ್ಟೆ ಹಾಕುತ್ತಾರೆ, ಬೇಯಿಸುವುದು ಎಷ್ಟೋ ಕಡೆ ಅದೇ ಕೊಬ್ಬಿನಲ್ಲಿ. ಬೆಳಗಿನ ತಿಂಡಿಯ ತಟ್ಟೆಯಲ್ಲಿನ ಕಪ್ಪು ಬಿಲ್ಲೆ ರಕ್ತದಿಂದ ಮಾಡಿದ್ದು. ಸಸ್ಯಾಹಾರಿ ತಿಂಡಿ ಕೇಳಿದರೆ ಅಣಬೆ, ಟೊಮೇಟೊ, ಬೇಯಿಸಿದ ಬೀನ್ಸ್, ಟೋಸ್ಟ್ ಧಾರಾಳವಾಗಿ ಕೊಡುತ್ತಾರೆ. ವೆನ್ಸ್ಲಿಡೇಲ್ ಚೀಸ್ ರುಚಿ ನೋಡಿ. ಆ ಕಣಿವೆಗೆ ಚೀಸ್ ಮಾಡುವ ವಿದ್ಯೆ ತಂದವರೂ ಸಿಸ್ಟರ್ಷಿಯನ್ ಸನ್ಯಾಸಿಗಳೇ. ಸಸ್ಯಾಹಾರಿ ಗುರುತು ಇರುವುದನ್ನು ಮಾತ್ರ ಆರಿಸಿ, ಏಕೆಂದರೆ ಕೆಲವಕ್ಕೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕೋಣೆಯಲ್ಲಿ ಕೆಟಲ್ ಇದ್ದೇ ಇರುತ್ತದೆ. ಅವಲಕ್ಕಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರು ಜೊತೆಗಿದ್ದರೆ ಯಾವ ಹೋಟೆಲೂ ಹೆದರಿಸಲಾರದು.

ಕಾಲದ ಮಾತು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುತ್ತಾನೆ, ಚಳಿಗಾಲದಲ್ಲಿ ಕೆಲವು ಮಠಗಳು ವಾರಾಂತ್ಯಕ್ಕೆ ಮಾತ್ರ ತೆರೆಯುತ್ತವೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ನನಗೆ ಇಷ್ಟ ಅಕ್ಟೋಬರ್: ಕೋಣೆ ಬಾಡಿಗೆ ಇಳಿದಿರುತ್ತದೆ, ಕಣಿವೆಯಲ್ಲಿ ಬೆಳಿಗ್ಗೆ ಮಂಜು, ಎಲೆಗಳೆಲ್ಲ ಹಿತ್ತಾಳೆ ಬಣ್ಣ. ಕಾರಿಲ್ಲದೆ ಹೋಗುವವರು ಲೀಡ್ಸ್‌ನಿಂದ ಹ್ಯಾರೊಗೇಟ್ ಮೂಲಕ ರಿಪನ್ನಿಗೆ ಬರುವ 36ನೇ ನಂಬರ್ ಬಸ್ ಹಿಡಿಯಲಿ, ರಿಪನ್ನಿಗೆ ರೈಲಿಲ್ಲ.

ಅಪ್ಪ ಅಮ್ಮ ಬರುವ ಜೂನ್‌ನಲ್ಲಿ ಮತ್ತೆ ಬರುತ್ತಿದ್ದಾರೆ. ಮೊದಲ ಸಲ ಫೌಂಟನ್ಸ್ ಆಯಿತು, ಎರಡನೆಯ ಸಲ ವಿಟ್ಬಿ. ಈ ಸಲ ಹೆಲ್ಮ್‌ಸ್ಲಿಯಲ್ಲಿ ನೆಲಮಹಡಿಯ ಕೋಣೆಯನ್ನು ಎರಡು ರಾತ್ರಿಗೆ ಹಿಡಿದಿದ್ದೇನೆ. ಮೂರು ಮೈಲಿ ತಾನೇ, ನಾನು ನಡೆದೇ ಬರುತ್ತೇನೆ ಎಂದು ಅಪ್ಪ ಫೋನಿನಲ್ಲೇ ಹಟ ಹಿಡಿದಿದ್ದಾರೆ. ಮಕ್ಕಳು ಅವರ ಜೊತೆ ನಡೆಯುತ್ತಾರೆ. ಅಮ್ಮನನ್ನು ನಾನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಗೇಟು ತೆಗೆಯುವ ಹೊತ್ತಿಗೆ ಎಲ್ಲರೂ ಅಲ್ಲಿ ಸೇರುವುದು ಎಂದು ಮಾತಾಗಿದೆ.